ಜೀಪು ಎತ್ತರವಾದರೆ ಸಾಲದು, ಶಾಫ್ಟೂ ಸರಿಹೋಗಬೇಕು

ಕಾಸರಗೋಡಿನ ಮಲೆ ಪ್ರದೇಶದವರಿಗೆ ಜೀಪು ಯಾವತ್ತೂ ಶೋಕಿಯ ವಾಹನ ಆಗಿರಲಿಲ್ಲ. ದೇಲಂಪಾಡಿ, ಎಣ್ಮಕಜೆ, ಪನತ್ತಡಿ ಕಡೆಯ ಒಳದಾರಿಗಳಲ್ಲಿ ಅಡಿಕೆ ಮೂಟೆ, ರಬ್ಬರ್ ಶೀಟು, ಗೊಬ್ಬರದ ಚೀಲ ಹೊತ್ತದ್ದು ಅದೇ. ಹೆರಿಗೆ ನೋವು ಬಂದವರನ್ನು ನಡುರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಸರ್ವಿಸ್ ಜೀಪು ಎಂಬ ಹೆಸರೇ ಅದರ ಸೇವೆಗೆ ಸಾಕ್ಷಿ.

ಈಗ ಕಾಲ ಬದಲಾಗಿದೆ. ಹಳೆ ಫೋರ್ ವೀಲ್ ಜೀಪು ಕೊಂಡು, ದೊಡ್ಡ ಟಯರು ಹಾಕಿ, ಲೀಫ್ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಸೇರಿಸಿ ನಾಲ್ಕಾರು ಇಂಚು ಎತ್ತರಿಸುವ ಹುಚ್ಚು ಹಬ್ಬಿದೆ. ನೋಡಲಿಕ್ಕೆ ಗತ್ತು ಇರುವುದು ಹೌದು. ಆದರೆ ಎತ್ತರಿಸಿದ ಮೇಲೆ ಜೀಪಿನ ಅಡಿಗೆ ಬಗ್ಗಿ ನೋಡುವವರು ಎಷ್ಟು ಮಂದಿ?

ಗಿಯರ್ ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸು ಚಾಸಿಸ್ಸಿನ ಜೊತೆ ಮೇಲೆ ಹೋಗುತ್ತದೆ. ಆಕ್ಸಿಲ್ ಮಾತ್ರ ಚಕ್ರದ ಜೊತೆ ಕೆಳಗೇ ಉಳಿಯುತ್ತದೆ. ಇವೆರಡನ್ನು ಜೋಡಿಸುವುದು ಪ್ರೊಪೆಲ್ಲರ್ ಶಾಫ್ಟ್. ಇವೆರಡರ ನಡುವೆ ಅಡ್ಡಕ್ಕೆ 60 ಸೆಂ.ಮೀ., ಎತ್ತರದಲ್ಲಿ 15 ಸೆಂ.ಮೀ. ಅಂತರ ಇದೆ ಎಂದು ಇಟ್ಟುಕೊಳ್ಳೋಣ. ಜೀಪನ್ನು 10 ಸೆಂ.ಮೀ. ಎತ್ತರಿಸಿದರೆ ಶಾಫ್ಟಿಗೆ ಬೇಕಾಗುವ ಹೆಚ್ಚುವರಿ ಉದ್ದ ಸುಮಾರು 3 ಸೆಂ.ಮೀ. ಮಾತ್ರ. ಆದರೆ ಅದರ ಓರೆ 14 ಡಿಗ್ರಿಯಿಂದ 22 ಡಿಗ್ರಿ ದಾಟುತ್ತದೆ.

"ಮೂರು ಸೆಂಟಿಮೀಟರ್ ತಾನೆ, ಏನಾಗ್ತದೆ ಮಾರಾಯ್ರೆ" ಎಂಬ ಮಾತು ಗ್ಯಾರೇಜುಗಳಲ್ಲಿ ಸಲೀಸು. ಆಗುವುದು ಇಷ್ಟು. ಶಾಫ್ಟಿನ ಎರಡು ತುಂಡುಗಳು ಸ್ಪ್ಲೈನ್ ಹಲ್ಲುಗಳಲ್ಲಿ ಒಂದರೊಳಗೊಂದು ಜಾರುತ್ತಿರುತ್ತವೆ. ಎತ್ತರಿಸಿದಾಗ ಆ ಹಲ್ಲುಗಳ ಹಿಡಿತ ಕಮ್ಮಿಯಾಗುತ್ತದೆ. ಚಕ್ರ ಹೊಂಡಕ್ಕೆ ಇಳಿದು ಆಕ್ಸಿಲ್ ಇನ್ನಷ್ಟು ಕೆಳಗೆ ತೂಗಿದರೆ ಶಾಫ್ಟ್ ಕಳಚಿಯೇ ಹೋಗಬಹುದು. ಓಡುವ ಗಾಡಿಯಲ್ಲಿ ಶಾಫ್ಟಿನ ಮುಂದಿನ ತುದಿ ಕೆಳಗೆ ಬಿದ್ದು ನೆಲಕ್ಕೆ ಚುಚ್ಚಿದರೆ ಗಾಡಿಯನ್ನೇ ಎತ್ತಿ ಒಗೆದೀತು.

ಇಳಿಜಾರಿನಲ್ಲಿ ಅಪಾಯ ಇನ್ನೂ ಹೆಚ್ಚು. ಹಿಂದಿನ ಶಾಫ್ಟ್ ಕಳಚಿತೆಂದರೆ ಟೂ ವೀಲ್ ಡ್ರೈವಿನಲ್ಲಿರುವ ಜೀಪಿಗೆ ಎಂಜಿನ್ನಿನ ತಡೆ ಸಿಗುವುದಿಲ್ಲ. ಹಳೆ ಮಾದರಿಯ ಹಲವು ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಅದು ಚಕ್ರವನ್ನು ಹಿಡಿಯುವುದು ಇದೇ ಶಾಫ್ಟಿನ ಮೂಲಕ. ಶಾಫ್ಟ್ ಹೋದರೆ ಹ್ಯಾಂಡ್ ಬ್ರೇಕೂ ಹೋದ ಹಾಗೆ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಂದಕ ಇರುವ ನಮ್ಮ ರಸ್ತೆಗಳಲ್ಲಿ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಹಳೆ ಶಾಫ್ಟನ್ನು ಕತ್ತರಿಸಿ, ನಡುವೆ ಪೈಪಿನ ತುಂಡು ಇಟ್ಟು ವೆಲ್ಡ್ ಮಾಡಿಸಿದರೆ ಕೆಲಸ ಮುಗಿಯಲಿಲ್ಲ. ಗಾಡಿಯ ಪೂರ್ತಿ ಭಾರ ಚಕ್ರದ ಮೇಲಿರುವಾಗಲೇ ಅಳತೆ ತೆಗೆಯಬೇಕು. ಉದ್ದ ಜಾಸ್ತಿಯಾದರೂ ಕಷ್ಟವೇ. ಸ್ಪ್ರಿಂಗ್ ಅದುಮಿದಾಗ ಶಾಫ್ಟ್ ತಳ ಮುಟ್ಟಿ ಬೇರಿಂಗಿಗೆ ಗುದ್ದುತ್ತದೆ. ಎರಡೂ ತುದಿಯ ಕ್ರಾಸ್ ಹಿಡಿಯುವ ಯೋಕುಗಳು ಒಂದೇ ನೇರಕ್ಕೆ ಕೂರಬೇಕು, ಎರಡೂ ಕಡೆಯ ಓರೆ ಸಮನಾಗಿರಬೇಕು. ಇಲ್ಲವಾದರೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಳಿದು ಗಾಡಿ ನಡುಗುತ್ತದೆ, ಕ್ರಾಸು ಬೇಗ ಸವೆಯುತ್ತದೆ. ಕೊನೆಗೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು. ಆಕ್ಸಿಲಿಗೆ ಹೋಗುವ ಬ್ರೇಕಿನ ಹೋಸ್ ಪೈಪು ಎಳೆದು ನಿಂತಿದೆಯೇ ಎಂದೂ ನೋಡಬೇಕು. ಟಯರಿಗೆ ಹಣ ಸುರಿದವರು ಈ ಕೆಲಸಕ್ಕೆ ಚೌಕಾಸಿ ಮಾಡುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗಿದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವ ಹಾಗಿಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಶಾಫ್ಟನ್ನು ಎಷ್ಟೇ ಚೆನ್ನಾಗಿ ಮಾಡಿಸಿದರೂ ಎತ್ತರಿಸಿದ ಜೀಪು ಕಾನೂನಿನ ಕಣ್ಣಿಗೆ ತಪ್ಪಿತಸ್ಥನೇ. ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು.

ಆದರೆ ದಂಡದ ರಶೀದಿ ಹರಿದು ಕೊಟ್ಟರೆ ಜೀವ ಉಳಿಯುವುದಿಲ್ಲ. ರಸ್ತೆಬದಿಯಲ್ಲಿ ಗಾಡಿ ತಡೆಯುವಾಗ ದೊಡ್ಡ ಟಯರು, ಬಣ್ಣದ ಲೈಟು ಕಣ್ಣಿಗೆ ಬೀಳುತ್ತದೆ. ಅಡಿಯ ಶಾಫ್ಟ್ ಬೀಳುವುದಿಲ್ಲ. ಬಾಡಿಗೆಗೆ ಜನ ಹತ್ತಿಸುವ ಜೀಪುಗಳನ್ನಾದರೂ ಮಳೆಗಾಲಕ್ಕೆ ಮುಂಚೆ ಅಡಿಯಿಂದ ಪರೀಕ್ಷಿಸುವ ವ್ಯವಸ್ಥೆ ಪಂಚಾಯತು ಮಟ್ಟದಲ್ಲಿ ಆಗಬೇಕು. ಅದರ ಸೂಚನೆ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಗಡಿ ಭಾಗದ ಮೆಕ್ಯಾನಿಕ್ಕಿಗೆ, ಡ್ರೈವರನಿಗೆ ಅರ್ಥವಾಗದ ಎಚ್ಚರಿಕೆಯಿಂದ ಪ್ರಯೋಜನವೇನು?

ಯುವಕರಿಗೆ ಹೇಳಬೇಕಾದದ್ದು ಒಂದೇ. ಕಂಪೆನಿ ಕೊಟ್ಟ ಎತ್ತರದಲ್ಲೇ ಈ ಜೀಪುಗಳು ಇಷ್ಟು ವರ್ಷ ಗುಡ್ಡ ಹತ್ತಿವೆ. ಈಗಾಗಲೇ ಎತ್ತರಿಸಿದವರು ಮೊದಲಿನ ಹಾಗೆ ಇಳಿಸುವುದು ಲೇಸು. ಅಲ್ಲಿವರೆಗೆ ಆ ಜೀಪಿಗೆ ಶಾಲೆ ಮಕ್ಕಳನ್ನಾಗಲಿ, ತೋಟದ ಆಳುಗಳನ್ನಾಗಲಿ ಹತ್ತಿಸದಿರಲಿ. ಗತ್ತು ಗಾಡಿಯವನದ್ದು, ಜೀವ ಮಾತ್ರ ಹಿಂದೆ ಕೂತವರದ್ದು.