ಸುಲಿಯುವ ರಾತ್ರಿಗೊಂದು ಪುಸ್ತಕ

ಡಿಸೆಂಬರ್ ಬಂತೆಂದರೆ ನಮ್ಮ ಆಗುಂಬೆ ಕಡೆ ಹಬ್ಬದ ಲೆಕ್ಕವೇ ಬೇರೆ, ಸೋದರಿಯರೇ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಒಂದು. ಕ್ರಿಸ್‌ಮಸ್‌ಗೆ ಪಕ್ಕದ ಬಾಯಮ್ಮನ ಮನೆಯಿಂದ ಬರುವ ತಿಂಡಿ ತಟ್ಟೆ ಇನ್ನೊಂದು. ಮೂರನೆಯದಕ್ಕೆ ಪಂಚಾಂಗದಲ್ಲಿ ಜಾಗವಿಲ್ಲ, ಅದು ನಮ್ಮ ಮನೆ ಹೆಂಗಸರು ಮಾಡಿಕೊಂಡದ್ದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಒಂದು ಪುಸ್ತಕವನ್ನು ಗಟ್ಟಿಯಾಗಿ ಓದಿ ಮುಗಿಸುವುದು.

ಬಯಲುಸೀಮೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಯ್ದ ಹಸಿ ಅಡಿಕೆಯನ್ನು ಹಾಗೇ ಇಟ್ಟುಕೊಂಡು ಕೂರುವಂತಿಲ್ಲ. ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಒಣಹಾಕಬೇಕು. ರಾತ್ರಿ ಊಟವಾದ ಮೇಲೆ ಮೆಟ್ಟುಗತ್ತಿ ಮುಂದೆ ಕೂತರೆ ಏಳುವಾಗ ಹನ್ನೊಂದೋ ಹನ್ನೆರಡೋ. ಕೈಗೆ ಕೆಲಸ, ಕಿವಿಗೆ ಪೂರ್ತಿ ಬಿಡುವು. ಮೊದಲೆಲ್ಲ ಊರ ಸುದ್ದಿ ಆಡಿಕೊಂಡು ಸುಲಿಯುತ್ತಿದ್ದೆವು. ಆದರೆ ಯಾರ ಮನೆ ಸೊಸೆ ಏನಂದಳು ಅನ್ನೋದು ಎಷ್ಟು ರಾತ್ರಿಗೆ ಬಂದೀತು ಹೇಳಿ! ಈಗ ಸುಲಿಯುವ ಯಂತ್ರ ಬಂದು ಎಷ್ಟೋ ಮನೆಗಳಲ್ಲಿ ಆ ಕೂಟವೇ ನಿಂತಿದೆ. ನಮ್ಮದು ಸಣ್ಣ ತೋಟ, ಕತ್ತಿಯೇ ಸಾಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೆ. ಆದರೂ ಓದುವ ಪಾಳಿ ಹೆಚ್ಚಾಗಿ ನನ್ನದೇ. ಒಂದು ವರ್ಷ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದೆವು. ಆಕೆ ನಮ್ಮ ತೀರ್ಥಹಳ್ಳಿಯವರೇ, 1917ರಲ್ಲಿ ಹುಟ್ಟಿದವರು. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ವಯಸ್ಸಿನ ಲೆಕ್ಕ ನೀವೇ ಹಾಕಿ, ನಲವತ್ತು ದಾಟಿದ ನಮಗೆಲ್ಲ ಒಂದಿಷ್ಟು ಧೈರ್ಯ ಬರುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮುಗಿಯಲು ಎರಡು ಸುಗ್ಗಿ ಬೇಕಾಯಿತು. ಪಾದ್ರಿಗಳ ‘ಬೀಸೆಕಲ್ಲು’ ಸವಾರಿ ಬಂದಾಗ ನಕ್ಕೂ ನಕ್ಕೂ ಸುಲಿತವೇ ನಿಂತಿತ್ತು. ಅದರಲ್ಲಿ ಬರುವ ಮೇಗರವಳ್ಳಿ ನಾವು ತೀರ್ಥಹಳ್ಳಿಗೆ ಹೋಗುವ ಬಸ್ಸಿನ ದಾರಿಯಲ್ಲೇ ಇದೆಯಲ್ಲ!

ಈ ವರ್ಷ ಅಷ್ಟು ದಪ್ಪ ಪುಸ್ತಕ ಹಿಡಿಯುವ ಹಾಗಿರಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಗೊತ್ತಿದ್ದ ನಮಗೆ ಎಲೆಚುಕ್ಕಿ ರೋಗ ಬೇರೆಯೇ ಸಂಕಟ. ಸೋಗೆಯ ಮೇಲೆ ಚುಕ್ಕಿ ಬಿದ್ದು, ಹರಡಿ, ಒಣಗಿ ಮರ ಸೊರಗುತ್ತದೆ. ಇಳುವರಿ ಕಡಿಮೆಯಾದರೆ ಸುಲಿಯುವ ರಾತ್ರಿಗಳೂ ಕಡಿಮೆ. ಅದಕ್ಕೇ ತೆಳುವಾದ ಪುಸ್ತಕ ಆರಿಸಿದೆ: ನಾ. ಡಿಸೋಜ ಅವರ ‘ದ್ವೀಪ’. ಕ್ರಿಸ್‌ಮಸ್ ಹೊತ್ತಿಗೆ ಅವರನ್ನು ನೆನೆದಂತೆಯೂ ಆಯಿತು. ಸಾಗರದಲ್ಲಿ ಹುಟ್ಟಿ, ಶರಾವತಿ ಯೋಜನೆಯ ಕೆಲಸದಲ್ಲಿದ್ದು, ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. 2025ರ ಜನವರಿ 5ರಂದು ತೀರಿಕೊಂಡರು.

ಸುತ್ತಲೂ ನೀರು ಏರುತ್ತಿದೆ, ಊರವರೆಲ್ಲ ಹೋಗುತ್ತಿದ್ದಾರೆ, ಗಣಪಯ್ಯ–ನಾಗವೇಣಿಯ ಮನೆ ಮಾತ್ರ ಗುಡ್ಡದ ಮೇಲೆ ಉಳಿದಿದೆ. ಗಿರೀಶ್ ಕಾಸರವಳ್ಳಿಯವರ ಸಿನಿಮಾದಲ್ಲಿ ಸೌಂದರ್ಯ ಮಾಡಿದ ಪಾತ್ರ ಎಂದರೆ ನಿಮಗೆ ನೆನಪಾದೀತು. ಕೊನೆ ಏನೆಂದು ಹೇಳುವುದಿಲ್ಲ, ಓದಿಕೊಳ್ಳಿ.

ಎರಡನೇ ರಾತ್ರಿ ನಮ್ಮ ಅತ್ತೆಯ ಕತ್ತಿ ನಿಂತಿತು. ಅವರ ತವರು ಸಾಗರ ತಾಲ್ಲೂಕಿನಲ್ಲಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಹೋಯಿತು. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ, “ನಮ್ಮೂರು ನೀರಲ್ಲಿದೆ” ಎಂಬ ಎರಡು ಮಾತು ಬಿಟ್ಟು ಬೇರೇನೂ ಅವರ ಬಾಯಿಂದ ಕೇಳಿರಲಿಲ್ಲ. ಆವತ್ತು ತಲೆ ಎತ್ತದೆ ಹೇಳಿದರು: “ಅಪ್ಪಯ್ಯ ಬಾಗಿಲುವಾಡ ಕಿತ್ತು ಗಾಡಿಗೆ ಹೇರಿಸಿದ್ರು. ನೀರು ನೋಡಿ ಅಮ್ಮ ಅಳಲಿಲ್ಲ. ಬಾಗಿಲಿಲ್ಲದ ಮನೆ ನೋಡಿ ಅತ್ತಳು.” ಸುಲಿಯಲು ಬಂದ ಹೆಂಗಸರೂ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, “ಓದೇ, ನಿಲ್ಲಿಸಿದ್ದು ಯಾಕೆ?” ಎಂದರು.

ನಾಡಿಗೆಲ್ಲ ಬೆಳಕು ಕೊಟ್ಟ ಆ ನೀರಿನಾಚೆ ತುಮರಿ ಕಡೆಯ ಜನ ದಶಕಗಟ್ಟಲೆ ಲಾಂಚನ್ನೇ ನಂಬಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ! ಅತ್ತೆ ಆ ಸೇತುವೆಯನ್ನು ಫೋನಿನಲ್ಲಿ ನೋಡಿ, “ಚೆನ್ನಾಗಿದೆ” ಎಂದು ಫೋನು ವಾಪಸು ಕೊಟ್ಟರು.

ನಮ್ಮನೆಯವರು ಎರಡು ವರ್ಷದಿಂದ, ತೋಟ ಮಾರಿ ಶಿವಮೊಗ್ಗಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಅವರದೂ ತಪ್ಪಲ್ಲ, ಔಷಧಿಯ ಸಾಲ ತೀರಿಸಬೇಕಾದವರು ಅವರು. ಓದುವಾಗ ಜಗಲಿಯಲ್ಲಿ ಮಲಗಿದ್ದಾರೆಂದೇ ನಾನು ತಿಳಿದಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತ, “ಆ ಗಣಪಯ್ಯ ಹೋದನೋ ಇಲ್ಲವೋ?” ಎಂದು ಕೇಳಿದರು. “ರಾತ್ರಿ ಬಂದು ಕೂತು ಕೇಳಿ” ಎಂದೆ. ಈಗ ಒಂದು ಕತ್ತಿ ಅವರದೂ ಇದೆ. ಶಿವಮೊಗ್ಗದ ಮಾತು ಮಾತ್ರ ಅವರೂ ಎತ್ತಿಲ್ಲ, ನಾನೂ ಕೇಳಿಲ್ಲ.

ಇನ್ನು ಬಾಯಮ್ಮನ ತಟ್ಟೆ. ಅವರು ಕುಸ್ವಾರ್ ಎನ್ನುವ ಆ ತಿಂಡಿಗಳಲ್ಲಿ ನೆವ್ರಿ, ಗುಳಿಯೊ, ಕಿಡಿಯೊ ಎಲ್ಲ ಇರುತ್ತದೆ. ನಮಗೆಂದು ಕಿಡಿಯೊವನ್ನು ಮೊಟ್ಟೆ ಹಾಕದೆ ಬೇರೆಯೇ ಮಾಡುತ್ತಾರೆ. ಮೈದಾಹಿಟ್ಟಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ, ಒಂದು ಚಮಚ ತುಪ್ಪ ಹಾಕಿ, ಗಟ್ಟಿ ತೆಂಗಿನ ಹಾಲಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ ಅರ್ಧ ಗಂಟೆ ಮುಚ್ಚಿಡಿ. ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ, ಸಣ್ಣ ಉರಿಯಲ್ಲಿ ಕೆಂಪಗೆ ಕರಿಯಿರಿ. ಬೇಕಾದರೆ ಸಕ್ಕರೆ ಪಾಕದಲ್ಲಿ ಹೊರಳಿಸಿ. ತಟ್ಟೆ ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಅದರಲ್ಲಿ ತೊಡೆದೇವು ಹೋಗುತ್ತದೆ. ಈ ಸಲ ಮೇಲೆ ‘ದ್ವೀಪ’ವನ್ನೂ ಇಟ್ಟು ಕೊಡಬೇಕೆಂದಿದ್ದೇನೆ.

ಅಷ್ಟರೊಳಗೆ ಓದಿ ಮುಗಿಯಬೇಕು. ಕ್ರಿಸ್‌ಮಸ್ ರಜೆಗೆ ಮಗಳು ಮಂಗಳೂರಿನಿಂದ ಬರುವವಳಿದ್ದಾಳೆ, ಕೊನೆಯ ಇಪ್ಪತ್ತು ಪುಟ ಅವಳೇ ಓದಲಿ ಎಂದು ನಿಲ್ಲಿಸಹೊರಟರೆ ಅತ್ತೆ ಒಪ್ಪಲಿಲ್ಲ: “ಅವಳು ಬರೋವರೆಗೆ ನೀರು ಕಾಯುತ್ತದಾ?”

ಇವತ್ತು ರಾತ್ರಿ ಓದುತ್ತೇವೆ. ಸುಲಿಯಲು ಇನ್ನು ಎರಡೇ ಚೀಲ ಉಳಿದಿದೆ.