ಪೌರಶಿಕ್ಷಣದ ಪಂಕ್ತಿಯಲ್ಲಿ ಯಾರಾರು?

ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿರುವ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಇಂದಿನ ಜನ ಬಲ್ಲುದು ಬಹುಮಟ್ಟಿಗೆ ಅದರ ಸ್ಥಾಪಕರಾದ ಡಿ. ವಿ. ಗುಂಡಪ್ಪನವರ ಕಗ್ಗದ ಮೂಲಕವಾಗಿ. ಅದು ಹುಟ್ಟಿದ ಕಾಲ ಎಂಥದೆಂಬುದನ್ನು ನೆನೆಯುವವರು ವಿರಳ. 1945ರ ಫೆಬ್ರವರಿಯಲ್ಲಿ ಮಹಾಯುದ್ಧವಿನ್ನೂ ಮುಗಿದಿರಲಿಲ್ಲ. ಕಾಂಗ್ರೆಸ್ಸಿನ ಹಿರಿಯ ನಾಯಕರು ಸೆರೆಯಲ್ಲಿದ್ದರು. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆ ಬಲಿಯುತ್ತಿದ್ದು, ಅದು 1947ರಲ್ಲಿ ಮೈಸೂರು ಚಲೋ ಚಳವಳಿಯಾಗಿ ಬೀದಿಗಿಳಿಯಿತು. ಇಂಥ ಹೊತ್ತಿನಲ್ಲಿ, ಯಾವ ಪಕ್ಷದ ಬಾವುಟವನ್ನೂ ಹಿಡಿಯದೆ, ಯಾವ ಮೆರವಣಿಗೆಯನ್ನೂ ಹೊರಡಿಸದೆ, ವಯಸ್ಕರನ್ನು ಕೂಡಿಸಿ ರಾಜ್ಯವ್ಯವಹಾರವನ್ನು ಅಭ್ಯಾಸಮಾಡಿಸುವೆನೆಂದು ಹೊರಟದ್ದು ಅಂದಿನ ಬಿಸಿರಕ್ತದ ತರುಣರಿಗೆ ಸಪ್ಪೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ 1913ರಲ್ಲಿ ‘ಕರ್ಣಾಟಕ’ ಪತ್ರಿಕೆಯನ್ನು ಆರಂಭಿಸಿ, 1927ರಿಂದ ದಶಕಕ್ಕೂ ಮಿಕ್ಕು ಕಾಲ ಸಂಸ್ಥಾನದ ನ್ಯಾಯವಿಧಾಯಕ ಸಭೆಯಲ್ಲಿ ಕುಳಿತು ನೋಡಿದ್ದವರಿಗೆ, ಅಧಿಕಾರ ಪ್ರಜೆಯ ಕೈಗೆ ಬರುವುದಕ್ಕೂ ಪ್ರಜೆ ಅದಕ್ಕೆ ಸಜ್ಜಾಗುವುದಕ್ಕೂ ನಡುವಣ ಅಂತರ ತಿಳಿದಿದ್ದಿತು.

ಸಂಸ್ಥೆಗೆ ಅವರಿಟ್ಟ ಹೆಸರನ್ನೂ ಲಕ್ಷಿಸಬೇಕು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದುದನ್ನು ಎಲ್ಲರೂ ಹೇಳುತ್ತಾರೆ; ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಮಾಡಲು ದಾರಿ ತೆರೆಯುವ ಮಸೂದೆಯೊಂದನ್ನು ಅವರು 1911ರಲ್ಲಿ ಇಂಪೀರಿಯಲ್ ಶಾಸನಸಭೆಯಲ್ಲಿ ಮಂಡಿಸಿದರೆಂಬುದನ್ನೂ, ಮರುವರ್ಷ ಅದು ಬಿದ್ದುಹೋಯಿತೆಂಬುದನ್ನೂ ಹೇಳುವವರು ಕಡಮೆ. ಅವರ ರಾಜನೀತಿಯ ತಿರುಳು ಆ ಸೋತ ಮಸೂದೆಯಲ್ಲಿದೆಯೆಂದು ನನ್ನ ಅಭಿಪ್ರಾಯ. ಅಕ್ಷರ ಎಲ್ಲರಿಗೂ ದೊರೆಯದೆ ಪೌರತ್ವ ಎಲ್ಲರದೂ ಆಗದು.

ಈ ಅಳತೆಗೋಲನ್ನು ನಮ್ಮ ಹಳೆಯ ಬಡಾವಣೆಗಳಿಗೆ ಹಿಡಿದರೆ ಸಂಕೋಚವಾಗುತ್ತದೆ. 1898ರ ಪ್ಲೇಗಿನ ಬಳಿಕ ಬಸವನಗುಡಿ ಮಲ್ಲೇಶ್ವರಗಳನ್ನು ನಿರ್ಮಿಸಿದಾಗ, ಗಾಳಿ ಬೆಳಕುಗಳಿಗೆ ವಿಶಾಲವಾದ ರಸ್ತೆಗಳನ್ನು ಬಿಟ್ಟವರು ನಿವೇಶನಗಳನ್ನು ಮಾತ್ರ ಜಾತಿಮತಗಳ ವಿಭಾಗ ನೋಡಿ ಹಂಚಿದರು. 1928ರಲ್ಲಿ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿಯ ವಿಚಾರವಾಗಿ ಎದ್ದ ವಿವಾದ ಹಿಂದೂ ಮುಸಲ್ಮಾನರ ಗಲಭೆಗೆ ತಿರುಗಿ, ಅದರ ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಬೇಕಾಯಿತು. ಶಾಲೆಯ ಅಂಗಳದಿಂದಲೇ ಕಿಡಿ ಹಾರಿತೆಂಬುದು ಶಿಕ್ಷಣದ ಮಾತನ್ನಾಡುವವರು ಮರೆಯತಕ್ಕ ಸಂಗತಿಯಲ್ಲ. ಇಂಥ ನಗರದಲ್ಲಿ ವಿದ್ಯಾವಂತರ ಬಡಾವಣೆಯೊಂದರ ನಡುವೆ, ಶಾಸ್ತ್ರಪರಿಚಯವಿದ್ದವರಿಗೆ ಒಗ್ಗುವ ಭಾಷೆಯಲ್ಲಿ ಪೌರಶಿಕ್ಷಣ ನಡೆಯಿತು. ಬಾಗಿಲು ಯಾರಿಗೂ ಮುಚ್ಚಿರಲಿಲ್ಲ, ನಿಜ. ಆದರೆ ಕರೆಯದ ಮನೆಯ ಊಟದ ಪಂಕ್ತಿಗೆ ಮಾನವಂತನಾದವನು ತಾನಾಗಿ ಬಂದು ಕೂರುವುದಿಲ್ಲ. ಹೀಗೆನ್ನುವುದರಿಂದ ಗುಂಡಪ್ಪನವರಿಗೆ ಕುಂದೇನಿಲ್ಲ. 1970ರಲ್ಲಿ ನಾಗರಿಕರು ತಮಗೆ ಸಮರ್ಪಿಸಿದ ನಿಧಿಯನ್ನು ಹಾಗೆಯೇ ಸಂಸ್ಥೆಗೆ ಒಪ್ಪಿಸಿದವರು ಅವರು. ಪಂಕ್ತಿಯನ್ನು ಹಿಗ್ಗಿಸುವ ಹೊಣೆ ಅವರ ತರುವಾಯದವರದಾಗಿತ್ತು.

ಆ ಹೊಣೆ ಎಷ್ಟು ಬಾಕಿಯಿದೆಯೆಂಬುದನ್ನು 2022ರ ಚಾಮರಾಜಪೇಟೆ ತೋರಿಸಿತು. ಈದ್ಗಾ ಮೈದಾನದಲ್ಲಿ ಗಣೇಶೋತ್ಸವ ನಡೆಯಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಆಗಸ್ಟ್ 30ರಂದು ಯಥಾಸ್ಥಿತಿಯ ಆದೇಶವಾಯಿತು. ಜಾಗದ ವಿಷಯದಲ್ಲಿ ನ್ಯಾಯಾಲಯ ತೀರ್ಪು ಕೊಟ್ಟೀತು. ಅದರ ಸುತ್ತ ಬಾಳುವ ನೆರೆಯವರು ಮುಖಾಮುಖಿ ಕುಳಿತು ಮಾತನಾಡುವ ಏರ್ಪಾಡನ್ನು ಅದು ಮಾಡಿಕೊಡಲಾರದು.

ಸರ್ಕಾರವೇನೋ 2023ರ ಸೆಪ್ಟೆಂಬರ್ 15ರಂದು ಸಂವಿಧಾನ ಪೀಠಿಕೆಯ ಸಾಮೂಹಿಕ ವಾಚನವನ್ನು ರಾಜ್ಯದಾದ್ಯಂತ ಮಾಡಿಸಿತು. ಒಳ್ಳೆಯದೇ, ಬಾಯಿಪಾಠವನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಪೀಠಿಕೆಯನ್ನು ಓದಿದ ಬೆಂಗಳೂರಿನ ಮಕ್ಕಳಿಗೆ ತಮ್ಮ ವಾರ್ಡಿನ ಕಾರ್ಪೊರೇಟರ್ ಯಾರೆಂದು ಕೇಳಿದ್ದರೆ ಉತ್ತರವಿರುತ್ತಿರಲಿಲ್ಲ. ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಐದು ವರ್ಷ ಕಳೆದರೂ ಚುನಾವಣೆ ನಡೆಯದೆ, ಕಡೆಗೆ 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಸ್ಥಳೀಯ ಸರ್ಕಾರದ ಪಾಠವನ್ನು ಪೌರನೀತಿಯ ಪುಸ್ತಕದಲ್ಲಿ ಕಲಿತು, ಹೊರಗೆ ಬಂದು ಅಧಿಕಾರಿಯ ಆಡಳಿತವನ್ನೇ ಕಂಡ ಮಗು ಪುಸ್ತಕವನ್ನು ನಂಬೀತೆ?

ಆದುದರಿಂದ ನಾನು ಕೇಳುವುದು ಹೊಸ ಪಠ್ಯವನ್ನಲ್ಲ. ಗುಂಡಪ್ಪನವರು ನಡೆಸಿದಂಥ ಅಧ್ಯಯನಗೋಷ್ಠಿಗಳು ಗಾಂಧಿಬಜಾರು, ಚಾಮರಾಜಪೇಟೆ, ಮಲ್ಲೇಶ್ವರಗಳ ಸರ್ಕಾರಿ ಶಾಲೆಗಳಲ್ಲಿ ಸಂಜೆಯ ಹೊತ್ತು ಸೇರಲಿ. ಹೂವಾಡಗಿತ್ತಿಯರನ್ನೂ ಪೌರಕಾರ್ಮಿಕರನ್ನೂ ಮಸೀದಿಯ ಮುಖ್ಯಸ್ಥರನ್ನೂ ಮನೆಗೆ ಹೋಗಿ ಕರೆತರಲಿ. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದುಗಳಲ್ಲಿ ಪ್ರಶ್ನೆ ಕೇಳಲು ಅವಕಾಶವಿರಲಿ. ವಿಷಯ ವಾರ್ಡಿನ ಲೆಕ್ಕಪತ್ರವಿರಬಹುದು, ಚರಂಡಿಯಿರಬಹುದು, ಮೈದಾನವೂ ಇರಬಹುದು. ಮಾತು ಬಿಸಿಯಾದೀತೆಂದು ಅಂಜುವವರುಂಟು. ಆಗಲಿ, ನ್ಯಾಯವಿಧಾಯಕ ಸಭೆಯಲ್ಲಿಯೂ ಮಾತು ತಣ್ಣಗಿದ್ದಿರಲಾರದು. ಕಾರ್ಪೊರೇಟರು ಚುನಾಯಿತನಾಗಿ ಬಂದ ದಿನ, ಅವನು ಮೊದಲು ಉತ್ತರ ಹೇಳಬೇಕಾದದ್ದು ಈ ಗೋಷ್ಠಿಗೇ.