ಎಣ್ಣೆ ಬೇಡದ ಬೇರಿಂಗೂ ನಮ್ಮ ಪಾಠಕ್ಕೆ ಬರಲಿ



ಘರ್ಷಣೆಯ ಪಾಠ ನಿಮಗೆ ಗೊತ್ತೇ ಇದೆ. "ಘರ್ಷಣೆಯನ್ನು ಕಡಿಮೆ ಮಾಡುವ ವಿಧಾನಗಳನ್ನು ಬರೆಯಿರಿ" ಅಂತ ಪರೀಕ್ಷೆಯಲ್ಲಿ ಕೇಳಿದರೆ ಕಣ್ಣು ಮುಚ್ಚಿಕೊಂಡು ಬರೀತೀರಿ: ಮೇಲ್ಮೈಯನ್ನು ನುಣುಪು ಮಾಡುವುದು, ಎಣ್ಣೆ ಅಥವಾ ಗ್ರೀಸ್ ಹಚ್ಚುವುದು, ಬಾಲ್ ಬೇರಿಂಗ್ ಬಳಸುವುದು. ಪೂರ್ತಿ ಅಂಕ ಬರುತ್ತೆ. ಉತ್ತರದಲ್ಲಿ ತಪ್ಪೂ ಇಲ್ಲ. ಆದರೆ ನೇಮಕಲ್ಲು, ರಾಯದುರ್ಗ, ಮಡಕಶಿರದ ಕಡೆಯ ಮಕ್ಕಳು ಅಷ್ಟಕ್ಕೇ ನಿಲ್ಲಬಾರದು ಅನ್ನೋದು ನನ್ನ ವಾದ. ಯಾಕಂದ್ರೆ ನಮ್ಮ ಕಡೆ ಎಲ್ಲಿ ಎಣ್ಣೆ ಹಚ್ಚಿದರೂ ಅದರ ಹಿಂದೆಯೇ ಇನ್ನೊಂದು ಪದಾರ್ಥ ಬಂದು ಕೂರುತ್ತೆ. ಅದು ಧೂಳು.

ನೇಮಕಲ್ಲಿನ ಕ್ರಷರ್‌ಗಳ ಕಡೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾನೈಟ್ ಕಲ್ಲಿನಲ್ಲಿ ಬೆಣಚು, ಅಂದರೆ ಕ್ವಾರ್ಟ್ಸ್ ಇರುತ್ತೆ. ಮೋಸ್ ಗಡಸುತನದ ಅಳತೆಯಲ್ಲಿ ಕ್ವಾರ್ಟ್ಸ್ 7. ಸಾಮಾನ್ಯ ಚಾಕುವಿನ ಅಲಗು ಸುಮಾರು 5.5. ಅಂದರೆ ಕಲ್ಲಿನ ಹುಡಿ ಕಬ್ಬಿಣವನ್ನು ಗೀರುತ್ತೆ, ಕಬ್ಬಿಣ ಅದನ್ನು ಗೀರಲಾರದು. ಈಗ ಟ್ರಾಕ್ಟರ್ ಟ್ರೇಲರಿನ ಕೀಲಿಗೋ ಜೆಸಿಬಿ ಬಕೆಟ್ಟಿನ ಪಿನ್ನಿಗೋ ಗ್ರೀಸ್ ತುಂಬಿದಿರಿ ಅಂತಿಟ್ಟುಕೊಳ್ಳಿ. ಅಂಚಿನಿಂದ ಹೊರಗೆ ಬಂದ ಗ್ರೀಸಿಗೆ ಧೂಳು ಅಂಟುತ್ತೆ, ಕೀಲು ಆಡಿದಂತೆಲ್ಲ ಒಳಗೆ ಸರಿಯುತ್ತೆ. ಗ್ಯಾರೇಜಿನಲ್ಲಿ ವಾಲ್ವ್ ಉಜ್ಜೋಕೆ ಮೆಕ್ಯಾನಿಕ್‌ಗಳು ಒಂದು ಪೇಸ್ಟ್ ಬಳಸ್ತಾರೆ, ನೋಡಿದೀರಾ? ಗ್ರೀಸಿನಲ್ಲಿ ಗಡಸು ಹುಡಿ ಕಲಸಿದ್ದು, ಅಷ್ಟೇ. ಲೋಹವನ್ನು ಸವೆಸೋಕೆ ಅಂತಲೇ ದುಡ್ಡು ಕೊಟ್ಟು ತರುವ ಆ ಪೇಸ್ಟನ್ನು ನಾವು ಇಲ್ಲಿ ಪುಕ್ಕಟೆ ತಯಾರಿಸಿ ಬೇರಿಂಗಿನೊಳಗೇ ಇಟ್ಟಿರ್ತೀವಿ.

ನಡುವೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. ಅದೇ ಹುಡಿ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಗಾಯದ ಕಲೆಗಳಾಗುತ್ತವೆ. ಆ ಕಾಯಿಲೆಗೆ ಸಿಲಿಕೋಸಿಸ್ ಅಂತ ಹೆಸರು. ಬಂದರೆ ವಾಸಿಯಾಗಲ್ಲ. ಯಂತ್ರದ ಬೇರಿಂಗಿಗೆ ಧೂಳು ಹೋಗದ ಹಾಗೆ ಸೀಲ್ ಹಾಕಿರ್ತಾರೆ. ಅದರ ಪಕ್ಕದಲ್ಲಿ ನಿಂತು ದುಡಿಯುವ ಮನುಷ್ಯನ ಮೂಗಿಗೆ ಬಹಳ ಸಲ ಒಂದು ಟವೆಲ್ಲು ಮಾತ್ರ.

ಸರಿ, ಬೇರಿಂಗಿಗೆ ಬರೋಣ. ಎಣ್ಣೆಯೇ ಬೇಡದ ಬೇರಿಂಗುಗಳಿವೆ. ರವಿಕೆಗೆ, ಕೋಟಿಗೆ ಒಳಗಡೆ ಲೈನಿಂಗ್ ಬಟ್ಟೆ ಕೊಡ್ತಾರಲ್ಲ, ಹಾಗೆ ಉಕ್ಕಿನ ಬಳೆಯ ಒಳಮೈಗೆ ಜಾರುವ ಪದಾರ್ಥದ ತೆಳು ಲೈನಿಂಗ್ ಅಂಟಿಸಿರುತ್ತಾರೆ. ಇದಕ್ಕೆ ಲೈನರ್ ಅಂತಾರೆ. ಅರ್ಧ ಮಿಲಿಮೀಟರಿಗಿಂತ ತೆಳ್ಳಗಿರೋದೇ ಹೆಚ್ಚು. ಒಳಗೆ ಆಡುವ ಪಿನ್ನು ಅಥವಾ ಗುಂಡು ಉಕ್ಕನ್ನು ಮುಟ್ಟೋದೇ ಇಲ್ಲ, ಈ ಲೈನರಿನ ಮೇಲೆ ಜಾರುತ್ತೆ. ಗ್ರೀಸ್ ಇಲ್ಲ, ಹಾಗಾಗಿ ಧೂಳು ಹಿಡಿದಿಟ್ಟುಕೊಳ್ಳುವ ಜಿಡ್ಡೂ ಇಲ್ಲ. ಧೂಳು ಬೀಳೋದೇ ಇಲ್ಲ ಅಂತಲ್ಲ, ಇಂಥ ಬೇರಿಂಗಿಗೂ ಸೀಲ್ ಇದ್ದರೆ ಒಳ್ಳೆಯದೇ. ಆದರೆ ಧೂಳನ್ನು ಕರೆದು ಕೂರಿಸೋ ಕೆಲಸ ತಪ್ಪುತ್ತೆ.

ಲೈನರಿನ ಮುಖ್ಯ ಪದಾರ್ಥ ಪಿಟಿಎಫ್‌ಇ. ಟೆಫ್ಲಾನ್ ಅನ್ನೋದು ಅದರ ವ್ಯಾಪಾರದ ಹೆಸರು. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಒಂದು ಸಿಲಿಂಡರಿನ ತಿರುಪು ಬಿಚ್ಚಿದರೆ ಅನಿಲ ಬರಲಿಲ್ಲ. ಖಾಲಿ ಇರಬೇಕು ಅಂದುಕೊಂಡರೆ ತೂಕ ಕಡಿಮೆಯಾಗಿರಲಿಲ್ಲ. ಕೊನೆಗೆ ಸಿಲಿಂಡರನ್ನೇ ಗರಗಸದಿಂದ ಕೊಯ್ದು ನೋಡಿದಾಗ ಒಳಗೆ ಬಿಳಿ ಪುಡಿ ಇತ್ತು. ಇಂಗಾಲದ ಉದ್ದ ಸರಪಳಿ, ಅದರ ಸುತ್ತ ಫ್ಲೋರಿನ್ ಪರಮಾಣುಗಳ ಗಟ್ಟಿ ಕವಚ. ಈ ಕವಚ ಹೊರಗಿನ ಯಾವುದನ್ನೂ ಸುಲಭವಾಗಿ ಹಿಡಿದುಕೊಳ್ಳಲ್ಲ. ಗೋಡೆ ಮೇಲೆ ಓಡಾಡುವ ಹಲ್ಲಿಗೂ ಒಣಗಿದ ಟೆಫ್ಲಾನಿನ ಮೇಲೆ ಕಾಲು ನಿಲ್ಲಲ್ಲ! ಒಣ ಉಕ್ಕಿನ ಮೇಲೆ ಉಕ್ಕು ಜಾರುವಾಗ ಘರ್ಷಣಾ ಗುಣಾಂಕ ಸುಮಾರು 0.6. ಉಕ್ಕಿನ ಮೇಲೆ ಪಿಟಿಎಫ್‌ಇ ಜಾರುವಾಗ 0.1 ಅಥವಾ ಅದಕ್ಕೂ ಕಡಿಮೆ.

ಈಗ ನಿಜವಾದ ಪ್ರಶ್ನೆ ಬಂತು. ಯಾವುದಕ್ಕೂ ಅಂಟದ ವಸ್ತುವನ್ನು ಉಕ್ಕಿಗೆ ಅಂಟಿಸೋದು ಹೇಗೆ? ಜಾರುವ ವಸ್ತು ಸಿಕ್ಕಿದ್ದು ಆಕಸ್ಮಿಕ. ಅದನ್ನು ಒಂದು ಕಡೆ ಜಾರದ ಹಾಗೆ ಹಿಡಿದು ನಿಲ್ಲಿಸಿದ್ದು ಮಾತ್ರ ದುಡಿಮೆ, ಬುದ್ಧಿ. ನಮ್ಮ ಪಾಠಗಳಲ್ಲಿ ಸಿಲಿಂಡರಿನ ಕತೆ ಆಗೀಗ ಬರುತ್ತೆ, ಅಂಟಿಸಿದವರ ಕತೆ ಬರೋದೇ ಇಲ್ಲ. ಅದೇ ನನಗೆ ಬೇಸರ.

ಮೊದಲ ಉಪಾಯ ನಿಮ್ಮ ಅಡುಗೆಮನೆಯಲ್ಲೇ ಇರಬಹುದು. ನಾನ್‌ಸ್ಟಿಕ್ ತವಾ. 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅಲ್ಯೂಮಿನಿಯಂ ಮೇಲ್ಮೈಯನ್ನು ಆಮ್ಲದಿಂದ ತಿನ್ನಿಸಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳನ್ನು ಮಾಡಿ, ಅದರೊಳಗೆ ಟೆಫ್ಲಾನ್ ಕೂರಿಸಿದರು. ಅಂಟಿದ್ದಲ್ಲ, ಗುಳಿಗಳಲ್ಲಿ ಸಿಕ್ಕಿಕೊಂಡದ್ದು. ಎರಡನೆಯದು ರಾಸಾಯನಿಕ ಉಪಾಯ. ಪಿಟಿಎಫ್‌ಇ ಹಾಳೆಯ ಒಂದು ಮುಖಕ್ಕೆ ಸೋಡಿಯಂ ಇರುವ ದ್ರಾವಣ ತಾಗಿಸಿದರೆ ಅಲ್ಲಿನ ಫ್ಲೋರಿನ್ ಕಿತ್ತುಬರುತ್ತೆ. ಬಿಳಿ ಹಾಳೆ ಆ ಕಡೆ ಕಂದು ಬಣ್ಣಕ್ಕೆ ತಿರುಗುತ್ತೆ. ಕಂದಾದ ಮುಖಕ್ಕೆ ಅಂಟು ಹಿಡಿಯುತ್ತೆ, ಬಿಳಿ ಮುಖ ಜಾರುತ್ತಲೇ ಇರುತ್ತೆ.

ಮೂರನೆಯ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಅದು ನೇಯ್ಗೆ. ರಾಯದುರ್ಗದ ಪಕ್ಕದಲ್ಲೇ ಮೊಳಕಾಲ್ಮೂರು ಇದೆ. ಅಲ್ಲಿನ ರೇಷ್ಮೆ ಸೀರೆಯ ಸೆರಗನ್ನು ಮಗುಚಿ ನೋಡಿ. ಮೇಲುಮುಖದಲ್ಲಿ ಜರಿ ಮಿಂಚುತ್ತೆ, ಹಿಂಭಾಗದಲ್ಲಿ ಬೇರೆಯೇ ಎಳೆಗಳು ಕಾಣುತ್ತವೆ. ಬಟ್ಟೆ ಒಂದೇ, ಮುಖ ಎರಡು. ಬೇರಿಂಗಿನ ಲೈನರನ್ನೂ ಹೀಗೇ ನೇಯುತ್ತಾರೆ. ಪಿಟಿಎಫ್‌ಇ ದಾರ ಜಾರುವ ಮುಖದಲ್ಲಿ ಹೆಚ್ಚು ಕಾಣುವ ಹಾಗೆ, ಗಾಜಿನ ಅಥವಾ ಬೇರೆ ಗಟ್ಟಿ ನಾರಿನ ದಾರ ಹಿಂದಿನ ಮುಖದಲ್ಲಿ ಹೆಚ್ಚು ಕಾಣುವ ಹಾಗೆ. ಅಂಟು ಹಿಡಿಯೋದು ಆ ಹಿಂದಿನ ದಾರವನ್ನು. ಪಿಟಿಎಫ್‌ಇ ದಾರ ನೇಯ್ಗೆಯಲ್ಲಿ ಸಿಕ್ಕಿಕೊಂಡಿರೋದರಿಂದ ಎಲ್ಲಿಗೂ ಹೋಗಲ್ಲ. ಇನ್ನೊಂದು ಲಾಭವೂ ಇದೆ. ಬರೀ ಪಿಟಿಎಫ್‌ಇ ಮೆತ್ತಗಿನ ವಸ್ತು, ಭಾರ ಬಿದ್ದರೆ ಹಿಟ್ಟಿನುಂಡೆ ಹಾಗೆ ನಿಧಾನಕ್ಕೆ ಹರಡಿಕೊಳ್ಳುತ್ತೆ, ಬೇಗ ಸವೆಯುತ್ತೆ. ಗಟ್ಟಿ ನಾರು ಅದನ್ನು ತಡೆಯುತ್ತೆ.

ಕಾರ್ಖಾನೆಯ ಕೆಲಸ ಸುಮಾರಾಗಿ ಹೀಗೆ ನಡೆಯುತ್ತೆ. ಉಕ್ಕಿನ ಹೊರಬಳೆಯನ್ನು ಲೇತಿನಲ್ಲಿ ಕಡೆದು, ಒಳಮೈಗೆ ಗಡಸು ಹುಡಿ ಸಿಡಿಸಿ ತರಿತರಿ ಮಾಡ್ತಾರೆ. ಆಮೇಲೆ ಒಂದು ಹನಿ ಎಣ್ಣೆಯೂ ಉಳಿಯದ ಹಾಗೆ ತೊಳೀತಾರೆ. ಬೆರಳಿನ ಜಿಡ್ಡು ತಾಗಿದರೂ ಅಂಟು ಕೈಕೊಡುತ್ತೆ. ಘರ್ಷಣೆ ಕಡಿಮೆ ಮಾಡುವ ವಸ್ತುವನ್ನು ತಯಾರಿಸುವ ಕಡೆ ಎಣ್ಣೆಗೇ ಪ್ರವೇಶ ಇಲ್ಲ! ನೇಯ್ದ ಲೈನರಿಗೆ ಫೀನಾಲಿಕ್ ರಾಳದ ಅಂಟು ಸವರಿ, ಬಳೆಯೊಳಗೆ ಕೂರಿಸಿ, ಒತ್ತಡ ಕೊಟ್ಟು ಬಿಸಿಯಲ್ಲಿ ಗಟ್ಟಿ ಮಾಡ್ತಾರೆ. ಒಳಗೆ ಆಡಬೇಕಾದ ಗುಂಡನ್ನು ಕನ್ನಡಿಯ ಹಾಗೆ ಹೊಳೆಯೋವರೆಗೆ ಉಜ್ಜಿರ್ತಾರೆ. ಗುಂಡಿನ ಬೇರಿಂಗಾದರೆ ಹೊರಬಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಗುಂಡಿನ ಸುತ್ತ ಬಾಗಿಸುವ ವಿಧಾನವೂ ಇದೆ. ಮಾದರಿಗೆ ತೆಗೆದುಕೊಂಡ ಬೇರಿಂಗಿನ ಲೈನರನ್ನು ಸುಲಿದು, ಎಷ್ಟು ಬಲಕ್ಕೆ ಕಿತ್ತುಬರುತ್ತೆ ಅಂತ ಅಳೀತಾರೆ. ಬಳಕೆಗೆ ಬಂದ ಮೇಲೆ ಮೊದಮೊದಲು ಸ್ವಲ್ಪ ಪಿಟಿಎಫ್‌ಇ ಉಜ್ಜಿ ಹೋಗಿ ಗುಂಡಿನ ಮೇಲೆ ತೆಳು ಪೊರೆಯಾಗಿ ಕೂರುತ್ತೆ. ಆಮೇಲೆ ಪಿಟಿಎಫ್‌ಇ ಮೇಲೆ ಪಿಟಿಎಫ್‌ಇಯೇ ಜಾರುತ್ತಾ ಇರುತ್ತೆ.

ಇವೆಲ್ಲ ಎಲ್ಲೋ ಅಮೆರಿಕದ ಮಾತು ಅನ್ನಬೇಡಿ. ಮಡಕಶಿರದ ಪಕ್ಕದ ತುಮಕೂರು ಜಿಲ್ಲೆಗೆ ಬನ್ನಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ರೆಕ್ಕೆ ಸಾಮಾನ್ಯವಾಗಿ ನಿಮಿಷಕ್ಕೆ 300ರ ಆಸುಪಾಸು ಸುತ್ತು ಹಾಕುತ್ತೆ. ಮುಂದಕ್ಕೆ ಹಾರುವಾಗ ಪ್ರತಿ ಸುತ್ತಿಗೂ ಪ್ರತಿ ರೆಕ್ಕೆಯ ಓರೆ ಒಮ್ಮೆ ಹೆಚ್ಚಿ ಒಮ್ಮೆ ಕಡಿಮೆಯಾಗಬೇಕು. ಅಂದರೆ ರೆಕ್ಕೆಯನ್ನು ತಿರುಗಿಸುವ ಸರಳಿನ ತುದಿಯ ಕೀಲು ಗಂಟೆಗೆ 18,000 ಸಲ ಆಡುತ್ತೆ. ಅಷ್ಟು ರಭಸದಲ್ಲಿ ಸುತ್ತುವ ಜಾಗದಲ್ಲಿ ಗ್ರೀಸ್ ಹೊರಕ್ಕೆ ಸಿಡಿಯುತ್ತೆ, ಇಳಿಯುವಾಗ ಎದ್ದ ಮಣ್ಣು ಒಳಕ್ಕೆ ಬರುತ್ತೆ. ಅದಕ್ಕೇ ಹೆಲಿಕಾಪ್ಟರುಗಳ ಇಂಥ ಸರಳುಗಳ ತುದಿಗೆ ಲೈನರ್ ಅಂಟಿಸಿದ ಬೇರಿಂಗ್ ಹಾಕೋದು ಪ್ರಪಂಚದ ಎಲ್ಲ ಕಡೆ ರೂಢಿ.

ಸೇತುವೆಗಳ ಕೆಳಗೂ ಇದೆ. 30 ಮೀಟರ್ ಉದ್ದದ ಕಾಂಕ್ರೀಟ್ ತೊಲೆ 30 ಡಿಗ್ರಿ ಬಿಸಿ ಏರಿದರೆ ಸುಮಾರು 11 ಮಿಲಿಮೀಟರ್ ಹಿಗ್ಗುತ್ತೆ. ಗುಣಾಕಾರ ಮಾಡಿ ನೋಡಿ, ಕಾಂಕ್ರೀಟಿನ ವ್ಯಾಕೋಚನ ಗುಣಾಂಕ ಡಿಗ್ರಿಗೆ 0.000012. ಆ ಹಿಗ್ಗು ಕಂಬವನ್ನು ದೂಡದೆ ಜಾರಿಹೋಗಲಿ ಅಂತ ತೊಲೆಯ ಕೆಳಗೆ ಪಿಟಿಎಫ್‌ಇ ಹಾಳೆ, ಅದರ ಮೇಲೆ ಸ್ಟೇನ್‌ಲೆಸ್ ತಗಡು ಇಡ್ತಾರೆ. ಹಾಳೆಯ ಅರ್ಧ ದಪ್ಪ ಉಕ್ಕಿನ ಗುಳಿಯೊಳಗೆ ಕೂತಿರುತ್ತೆ. ಇಲ್ಲೂ ಅದೇ ಚಿಂತೆ, ಜಾರೋದನ್ನು ಹಿಡಿದಿಡೋದು. ಇನ್ನೊಂದು ತಮಾಷೆ ನೋಡಿ. ಭಾರ ಹೆಚ್ಚಾದರೂ ಘರ್ಷಣಾ ಗುಣಾಂಕ ಬದಲಾಗಲ್ಲ ಅಂತ ನಾವು ಪಾಠ ಹೇಳ್ತೀವಿ. ಪಿಟಿಎಫ್‌ಇಯಲ್ಲಿ ಒತ್ತಡ ಹೆಚ್ಚಿದಂತೆ ಅದು ಕಡಿಮೆಯಾಗುತ್ತೆ. ನಿಯಮಗಳಿಗೂ ಗಡಿ ಇರುತ್ತೆ.

ಹಾಗಂತ ನಾಳೆ ಕ್ರಷರ್ ಯಂತ್ರದ ಮುಖ್ಯ ಶಾಫ್ಟಿಗೆ ಟೆಫ್ಲಾನ್ ಲೈನರ್ ಹಾಕಿಬಿಡೋಣ ಅಂದರೆ ಆಗಲ್ಲ. ಒಂದೇ ಸಮನೆ ಜೋರಾಗಿ ಸುತ್ತುವ ಕಡೆ ಉಜ್ಜಾಟದಿಂದ ಹುಟ್ಟಿದ ಬಿಸಿ ಹೊರಗೆ ಹೋಗಬೇಕು. ಪ್ಲಾಸ್ಟಿಕ್ ಬಿಸಿಯನ್ನು ಬೇಗ ಸಾಗಿಸಲ್ಲ, ಲೈನರ್ ಸುಟ್ಟುಹೋಗುತ್ತೆ. ಅಲ್ಲಿಗೆ ರೋಲರ್ ಬೇರಿಂಗು, ಗ್ರೀಸು, ಗಟ್ಟಿ ಸೀಲು ಇವೇ ಸರಿ. ಲೈನರ್ ಇರೋದು ಭಾರ ಹೆಚ್ಚು, ವೇಗ ಕಡಿಮೆ, ಹಿಂದೆ ಮುಂದೆ ಆಡುವ ಕೀಲುಗಳಿಗೆ. ನಮ್ಮ ಕಡೆ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರ, ನಾವು ಫ್ಯಾನು ಅಂತೀವಲ್ಲ, ಅದರ ತಲೆ ಗಾಳಿ ಬಂದ ಕಡೆಗೆ ನಿಧಾನವಾಗಿ ತಿರುಗಬೇಕು. ಕೆಲವು ಕಂಪನಿಗಳ ಯಂತ್ರದಲ್ಲಿ ಆ ಕೀಲಿಗೆ ಬಾಲ್‌ಗಳ ಬದಲು ಪ್ಲಾಸ್ಟಿಕ್ಕಿನ ಜಾರುಪಟ್ಟಿ ಇರುತ್ತೆ. ಭಾರ ವಿಪರೀತ, ವೇಗ ಬಹಳ ಕಡಿಮೆ. ಸರಿಯಾದ ಜಾಗ.

ನನಗೆ ಒಂದು ಅನುಮಾನವೂ ಇದೆ, ಮುಚ್ಚಿಡಲ್ಲ. ಬಂಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕ್ತಿದ್ದ ರೈತ ಯಾರನ್ನೂ ಕೇಳಬೇಕಾಗಿರಲಿಲ್ಲ. ಗ್ರೀಸ್ ಗನ್ ಇದ್ದರೆ ಇವತ್ತಿಗೂ ಊರಿನ ಮೆಕ್ಯಾನಿಕ್ ಸಾಕು. ಅಂಟಿಸಿದ ಲೈನರ್ ಸವೆದರೆ ಅದಕ್ಕೆ ರಿಪೇರಿ ಅಂತ ಇಲ್ಲ, ಬುಷ್ ಪೂರ್ತಿ ತೆಗೆದು ಹೊಸದು ಹಾಕಬೇಕು. ಇದಕ್ಕೂ ದಾರಿ ಹುಡುಕಿದವರಿದ್ದಾರೆ. ನಮ್ಮ ಇಂಡಿಯಾ ಮಾರ್ಕ್ 2 ಕೈಪಂಪಿನ ಹಿಡಿಕೆಯ ಕೀಲಿನಲ್ಲಿ ಬಾಲ್ ಬೇರಿಂಗುಗಳಿವೆ, ಬದಲಾಯಿಸೋಕೆ ವಿಶೇಷ ಉಪಕರಣ ಬೇಕು. 1980ರ ದಶಕದಲ್ಲಿ ಆಫ್ರಿಕಾದ ಕೀನ್ಯಾ, ಮಲಾವಿಗಳಲ್ಲಿ ರೂಪಿಸಿದ ಆಫ್ರಿದೇವ್ ಕೈಪಂಪಿಗೆ ಪ್ಲಾಸ್ಟಿಕ್ ಬುಷ್ ಹಾಕಿದರು, ಊರಿನವರೇ ಒಂದು ಸ್ಪ್ಯಾನರ್ ಹಿಡಿದು ಬದಲಾಯಿಸಿಕೊಳ್ಳಲಿ ಅಂತ. ಅಲ್ಲಿ ಬುಷ್ಷನ್ನು ಅಂಟಿಸಿಲ್ಲ, ಬೇಕಂತಲೇ. ಯಾವುದನ್ನು ಅಂಟಿಸಬೇಕು, ಯಾವುದನ್ನು ಬಿಚ್ಚುವ ಹಾಗೆ ಇಡಬೇಕು ಅನ್ನೋದನ್ನು ಬಳಸುವವರನ್ನು ಬಲ್ಲವರೇ ತೀರ್ಮಾನಿಸಬೇಕು. ಕೊಳ್ಳೋರಾಗಿ ಮಾತ್ರ ಉಳಿದರೆ ಆ ತೀರ್ಮಾನ ನಮ್ಮ ಕೈಯಲ್ಲಿರಲ್ಲ. ಐಟಿಐನಲ್ಲಿ ಫಿಟ್ಟರ್, ಟರ್ನರ್ ಓದಲು ಹೋಗುವ ನಮ್ಮ ಮಕ್ಕಳು ಈ ವಿಷಯ ಗೊತ್ತಿದ್ದು ಹೋಗಲಿ ಅನ್ನೋದು ಇದಕ್ಕೇ.

ಪಿಟಿಎಫ್‌ಇ ಪರಿಸರಕ್ಕೆ ಒಳ್ಳೆಯದಾ ಅಂತ ಯಾರಾದರೂ ಕೇಳೇ ಕೇಳ್ತೀರಿ. ಅದು ಮಣ್ಣಿನಲ್ಲಿ ಕೊಳೆಯಲ್ಲ. ಅದರ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ ಅಮೆರಿಕದಲ್ಲಿ ಜನ ಕುಡಿಯುವ ನೀರಿಗೆ ಸೇರಿ ದೊಡ್ಡ ಗಲಾಟೆಯಾಯಿತು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ, ಕೆಲವು ವಿನಾಯಿತಿ ಬಿಟ್ಟು, ಅದನ್ನು ನಿಲ್ಲಿಸುವ ತೀರ್ಮಾನವಾಯಿತು. ನನ್ನ ಅಭಿಪ್ರಾಯ ಕೇಳಿದರೆ, ದೋಸೆಗೆ ಕಬ್ಬಿಣದ ಕಾವಲಿ ಸಾಕು, ಹೆಲಿಕಾಪ್ಟರಿನ ಕೀಲಿಗೆ ಪಿಟಿಎಫ್‌ಇ ಇರಲಿ.

ಕೈಯಲ್ಲಿ ಮಾಡಿ ನೋಡೋಕೆ ದೊಡ್ಡ ಸಾಮಾನೇನೂ ಬೇಡ. ನಲ್ಲಿ ಜೋಡಿಸುವಾಗ ಸುತ್ತುವ ಬಿಳಿ ಟೇಪು ಪಿಟಿಎಫ್‌ಇಯೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಮೊದಲು ಅದನ್ನು ಮರದ ತುಂಡಿಗೆ ಗೋಂದು ಹಾಕಿ ಅಂಟಿಸಿ, ಒಣಗಿದ ಮೇಲೆ ಎಳೆದು ನೋಡಿ. ಆಮೇಲೆ ಇನ್ನೊಂದು ಚಪ್ಪಟೆ ತುಂಡಿಗೆ ಟೇಪನ್ನು ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ, ನುಣುಪಾದ ತಗಡಿನ ಮೇಲಿಟ್ಟು ತಗಡಿನ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ತುಂಡು ಜಾರಲು ಶುರುವಾದಾಗ ಎತ್ತರವನ್ನು ತಳದ ಉದ್ದದಿಂದ ಭಾಗಿಸಿದರೆ ಘರ್ಷಣಾ ಗುಣಾಂಕ ಸಿಗುತ್ತೆ. ಟೇಪಿಲ್ಲದ ತುಂಡಿಗೂ ಹಾಗೇ ಅಳೆಯಿರಿ. ನಂತರ ತಗಡಿನ ಮೇಲೆ ಒಣ ಧೂಳು ಉದುರಿಸಿ ಒಮ್ಮೆ, ಎಣ್ಣೆ ಸವರಿ ಅದರ ಮೇಲೆ ಧೂಳು ಹಾಕಿ ಒಮ್ಮೆ. ನಾಲ್ಕೈದು ಸಲ ಮಾಡಿದರೆ ಸುತ್ತಿದ ಟೇಪು ಜಾರಿ ಮುದುಡಿಕೊಳ್ಳುತ್ತೆ, ಅದನ್ನೂ ಬರೆದಿಡಿ. ಟೇಪನ್ನು ಮಾತ್ರ ಸುಡಬೇಡಿ, ಹೊಗೆ ವಿಷ. ನಿಮ್ಮ ಅಳತೆಗಳನ್ನು ವಿಜ್ಞಾನ ಮೇಷ್ಟ್ರ ಕೈಗೆ ಕೊಡಿ. ಒಂದೊಂದು ಶಾಲೆಯ ಅಂಕಿ ಒಂದೊಂದು ಥರ ಬಂದರೆ ಯಾಕೆ ಹಾಗೆ ಬಂತು ಅಂತ ಚರ್ಚೆ ಮಾಡೋಣ.